ಗಾಡಿಕಾಲ

ನಮ್ಮ ಮನೆಗೆ ಬರುವವರು ಫೋನು ಮಾಡಿ ‘ಹೊರಟೆವು’ ಎಂದರೆ ನಾನು ತಕ್ಷಣ ಒಲೆ ಹಚ್ಚುವುದಿಲ್ಲ. ಒಣಗಿದ ಬಟ್ಟೆ ಮಡಿಸುತ್ತೇನೆ, ಸೊಪ್ಪು ಬಿಡಿಸುತ್ತೇನೆ, ಆಮೇಲೆ ನಿಧಾನವಾಗಿ ಅಕ್ಕಿ ತೊಳೆಯುತ್ತೇನೆ. ಹೊರಟವರು ಬಂದು ಸೇರುವುದಕ್ಕೆ ಬಹಳ ಹೊತ್ತು ಬೇಕು ಎನ್ನುವುದು ನನ್ನ ಮೈಗೆ ಅಂಟಿದ ನಂಬಿಕೆ. ಹೋದ ತಿಂಗಳು ನಮ್ಮ ಮನೆಯವರ ಮಾಸಿಕಕ್ಕೆ ಒಂಬತ್ತಕ್ಕೆ ಬರುತ್ತೇನೆಂದು ಹೇಳಿದ್ದ ಪುರೋಹಿತರು ಸ್ಕೂಟರಿನಲ್ಲಿ ಒಂಬತ್ತಕ್ಕೇ ಬಂದುಬಿಟ್ಟರು. ನಾನಿನ್ನೂ ಎಳ್ಳಿನ ಡಬ್ಬಿ ಹುಡುಕುತ್ತಿದ್ದೆ.

“ಏನಮ್ಮ, ಇನ್ನೂ ಏನೂ ಸಿದ್ಧ ಆಗಿಲ್ವಲ್ಲ?” ಎಂದರು.

“ನೀವು ಇಷ್ಟು ಬೇಗ ಬರ್ತೀರ ಅಂದ್ಕೊಂಡಿರ್ಲಿಲ್ಲ.”

“ಒಂಬತ್ತು ಅಂತ ಹೇಳಿದ್ನಲ್ಲಮ್ಮ!”

ಹೇಳಿದ್ದರು, ಸುಳ್ಳಲ್ಲ. ಆದರೆ ಒಂಬತ್ತು ಎಂದರೆ ಒಂಬತ್ತು ಎಂದೇ ತಿಳಿಯುವುದು ನನಗೆ ಅಭ್ಯಾಸವಾಗಲಿಲ್ಲ. ಅದಕ್ಕೆ ಕಾರಣ ಮೈಸೂರಿನ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಒಂದು ಪ್ಯಾಸೆಂಜರ್ ಗಾಡಿ. ನಮ್ಮ ಮನೆಯವರು ಹೋಗಿ ಐದು ತಿಂಗಳಾಯಿತು. ಅವರು ಇದ್ದಿದ್ದರೆ ಈ ಮಾತಿಗೆ ತಕರಾರು ಎತ್ತುತ್ತಿದ್ದರು. ಆ ಗಾಡಿಯನ್ನು ಯಾರು ಬೈದರೂ ಅವರು ಸಹಿಸುತ್ತಿರಲಿಲ್ಲ. “ಪಾಪ, ಅದು ಬರ್ತಿತ್ತಲ್ಲ, ಬರ್ದೇ ಇರ್ತಿರ್ಲಿಲ್ವಲ್ಲ,” ಎನ್ನುತ್ತಿದ್ದರು. ಮಕ್ಕಳು ಶಾಲೆಯಲ್ಲಿ ಕಡಿಮೆ ಅಂಕ ತಂದಾಗಲೂ ಇದೇ ದನಿಯಲ್ಲಿ ಮಾತಾಡುತ್ತಿದ್ದರು.

ಆಗ ಜಯನಗರ ಇನ್ನೂ ಕಟ್ಟುತ್ತಿದ್ದ ಬಡಾವಣೆ. ನಮ್ಮ ಬೀದಿಯಲ್ಲಿ ನಾಲ್ಕು ಮನೆ, ಉಳಿದದ್ದೆಲ್ಲ ನಂಬರು ಬರೆದ ಕಲ್ಲು ನೆಟ್ಟ ಸೈಟುಗಳು. ಸಾರಕ್ಕಿಯ ಕಡೆಯಿಂದ ಗಾಳಿ ಬೀಸಿದರೆ ರಾಗಿ ಹೊಲದ ವಾಸನೆ ನಡುಮನೆಗೇ ಬರುತ್ತಿತ್ತು. ಪೇಟೆಯಲ್ಲಿದ್ದ ನಮ್ಮ ನೆಂಟರು ನಮ್ಮನ್ನು ‘ಕಾಡಿಗೆ ಹೋದವರು’ ಎಂದು ಕರೆಯುತ್ತಿದ್ದರು. ಭಾನುವಾರ ಬಂತೆಂದರೆ ಗಂಡ ಹೆಂಡತಿಯರು ಜೋಡಿಜೋಡಿಯಾಗಿ ಸೈಟು ನೋಡಲು ಬರುವರು. ಬಂದವರೆಲ್ಲ ನಮ್ಮ ಗೇಟಿನಲ್ಲಿ ನಿಂತು ಒಂದು ಲೋಟ ನೀರು ಕೇಳುವರು. ಬಾಯಾರಿಕೆಯಿಂದಲ್ಲ, ಬಾವಿಯ ನೀರು ಸಿಹಿಯೋ ಸಪ್ಪೆಯೋ ಎಂದು ಪರೀಕ್ಷೆ ಮಾಡುವುದಕ್ಕೆ. ಕೆಲವರು ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, “ಪರವಾಗಿಲ್ಲ,” ಎಂದು ನಮಗೆ ಸರ್ಟಿಫಿಕೇಟು ಕೊಟ್ಟು ಹೋಗುತ್ತಿದ್ದರು.

ನನಗೆ ಆಗ ಹತ್ತೊಂಬತ್ತು. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಗಣಿತ ಎರಡನೆಯ ಸಲಕ್ಕೆ. ಮುಂದೆ ಓದಿಸುವ ಮಾತು ಯಾರೂ ಎತ್ತಲಿಲ್ಲ, ನಾನೂ ಗಣಿತದ ನೆನಪಿನಿಂದ ಸುಮ್ಮನಿದ್ದೆ. ಅಪ್ಪ ಗಂಡು ಹುಡುಕತೊಡಗಿದರು. ಎರಡು ಕಡೆಯಿಂದ ಜಾತಕ ಕೂಡಿತು. ಒಬ್ಬರು ಬಸವನಗುಡಿಯವರು. ಇನ್ನೊಬ್ಬರು ಮದ್ದೂರಿನ ಆಚೆ ಒಂದು ಸಣ್ಣ ಊರಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು, ತಂದೆಯಿಲ್ಲ, ತಾಯಿ ಮಾತ್ರ.

ಬಸವನಗುಡಿಯ ಹುಡುಗ ಸೈಕಲ್ಲಿನಲ್ಲಿ ಬಂದ. ನಾಲ್ಕು ಗಂಟೆ ಎಂದಿದ್ದ, ನಾಲ್ಕಕ್ಕೆ ಬೆಲ್ಲು ಹೊಡೆದ. ಉಪ್ಪಿಟ್ಟನ್ನು ಐದು ನಿಮಿಷದಲ್ಲಿ ತಿಂದ, ಕಾಫಿಯನ್ನು ಎರಡು ನಿಮಿಷದಲ್ಲಿ ಕುಡಿದ, ನನ್ನನ್ನು ಒಂದು ನಿಮಿಷ ನೋಡಿದ. ಹೋದ ಮೇಲೆ ಅಪ್ಪ ತಮ್ಮ ಕೈಗಡಿಯಾರ ನೋಡಿಕೊಂಡು, “ಎಂಥಾ ಶಿಸ್ತು!” ಎಂದು ಹೊಗಳಿದರು. ಅವರ ಕಡೆಯಿಂದ ಒಪ್ಪಿಗೆಯೂ ಬಂತು. ನನಗೆ ಮಾತ್ರ, ಬೇಳೆ ಬೇಯುವುದು ಎರಡು ನಿಮಿಷ ತಡವಾದರೆ ಈ ಮನುಷ್ಯ ಏನು ಮಾಡುತ್ತಾನೋ ಎಂದು ಭಯವಾಯಿತು. ಆದರೆ ಆ ಕಾಲದಲ್ಲಿ ಹುಡುಗಿಯ ಭಯವನ್ನು ಕೇಳುವ ಪದ್ಧತಿ ಇರಲಿಲ್ಲ. ಮೇಷ್ಟ್ರ ಕಡೆಯವರಿಗೂ ಮಾತು ಕೊಟ್ಟಾಗಿದೆ, ಅವರೂ ಒಂದು ಸಲ ನೋಡಿ ಹೋಗಲಿ, ಆಮೇಲೆ ತೀರ್ಮಾನ ಎಂದು ಅಪ್ಪ ಬಸವನಗುಡಿಯವರಿಗೆ ಉತ್ತರ ಹೇಳದೆ ಇಟ್ಟುಕೊಂಡರು.

ಮೇಷ್ಟ್ರು ತಾಯಿಯ ಜೊತೆ ಭಾನುವಾರದ ಗಾಡಿಗೆ ಬರುವುದೆಂದಾಯಿತು. ಆ ತಾಯಿಗೆ ಬಸ್ಸು ಹತ್ತಿದರೆ ತಲೆ ಸುತ್ತು, ಹಾಗಾಗಿ ರೈಲೇ ಗತಿ. ಅವರ ಊರಿನಲ್ಲಿ ನಿಲ್ಲುತ್ತಿದ್ದದ್ದು ಬೆಳಿಗ್ಗೆ ಒಂದು ಪ್ಯಾಸೆಂಜರ್, ಸಂಜೆ ವಾಪಸ್ಸು ಒಂದು. ಬೆಳಗಿನ ಗಾಡಿ ಬೆಂಗಳೂರಿಗೆ ಮಧ್ಯಾಹ್ನ ಒಂದಕ್ಕೆ ಬರಬೇಕು. ಸ್ಟೇಷನ್ನಿನಿಂದ ನಮ್ಮ ಮನೆಗೆ ಜಟಕಾದಲ್ಲಿ ಒಂದು ಗಂಟೆ. ಎರಡಕ್ಕೆ ಬಂದರೆ ಸಾವಕಾಶವಾಗಿ ನೋಡುವ ಶಾಸ್ತ್ರ ಮುಗಿಸಿ, ಸಂಜೆ ಆರೂವರೆಯ ಗಾಡಿಗೆ ಹೊರಡಬಹುದು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು.

ಮೊದಲನೆಯ ಭಾನುವಾರ ಅವರು ಬರಲೇ ಇಲ್ಲ. ಅಮ್ಮ ಮಾಡಿದ್ದ ಕೇಸರಿಭಾತನ್ನು ಸೈಟು ನೋಡಲು ಬಂದವರಿಗೆ ಹಂಚಿದೆವು. ನಾಲ್ಕು ದಿನದ ಮೇಲೆ ಹುಡುಗನ ಕಾಗದ ಬಂತು. ಅಪ್ಪ ಅದನ್ನು ಮನೆಯವರಿಗೆಲ್ಲ ಕೇಳುವಂತೆ ಓದಿದರು. ಇಂಜಿನ್ನು ನೀರಿಗೆ ಒಂದು ಕಡೆ ನಿಂತಿತಂತೆ, ತೊಟ್ಟಿಯಲ್ಲಿ ನೀರಿರಲಿಲ್ಲವಂತೆ. ಇಳಿದ ಜನ ಪಕ್ಕದ ಹೊಲದ ಕಡಲೆಕಾಯಿಗೆ ಕೈ ಹಾಕಿದರಂತೆ. ಹೊಲದವನು ಕೋಲು ಹಿಡಿದು ಬಂದು, ಗುಂಪಿನಲ್ಲಿ ತನ್ನ ಬೀಗರನ್ನು ಕಂಡು, ಕೋಲು ಬಿಸಾಡಿ, ತಾನೇ ಕಿತ್ತು ಕೊಟ್ಟನಂತೆ. ಕೊನೆಗೆ, ‘ನಾವು ಅಲ್ಲಿಂದಲೇ ನಡೆದು ವಾಪಸ್ಸು ನಮ್ಮ ಮನೆ ಸೇರಿದೆವು. ಕ್ಷಮಿಸಬೇಕು. ನಮ್ಮ ತಾಯಿಯವರು ಈ ಅವಧಿಯಲ್ಲಿ ಮೂರು ಸೇರು ಹುಣಸೆಹಣ್ಣು ಬಿಡಿಸಿದರು’ ಎಂದಿತ್ತು.

“ಏನಿದು ಹುಣಸೆಹಣ್ಣು?” ಎಂದು ಅಪ್ಪ ಕನ್ನಡಕ ತೆಗೆದು ಅಮ್ಮನನ್ನು ಕೇಳಿದರು. ನಾನು ಅಡುಗೆಮನೆಗೆ ಓಡಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅಷ್ಟೇ. ಒಬ್ಬರ ಮುಖ ನೋಡದೆ, ಮದುವೆಯಾದರೆ ಇವರನ್ನೇ ಎಂದು ಮನಸ್ಸಿಗೆ ಬಂದದ್ದು ಆ ಹೊತ್ತಿನಲ್ಲಿ. ಯಾರಿಗೂ ಹೇಳಲಿಲ್ಲ.

ಹುಣಸೆಹಣ್ಣಿನ ಅರ್ಥ ನನಗೆ ತಿಳಿದದ್ದು ಮದುವೆಯಾಗಿ ನಾನೂ ಆ ಗಾಡಿ ಹತ್ತಿದ ಮೇಲೆ. ನಮ್ಮತ್ತೆ ಪ್ರಯಾಣಕ್ಕೆ ಬಟ್ಟೆಯ ಗಂಟಿನ ಜೊತೆ ಒಂದು ಮೊರ, ಒಂದು ಚೀಲ ಹುಣಸೆಹಣ್ಣು ಇಟ್ಟುಕೊಳ್ಳುತ್ತಿದ್ದರು. ಡಬ್ಬಿಗಳು ನಾಲ್ಕೋ ಐದೋ, ಜನ ಹತ್ತು ಡಬ್ಬಿಗಾಗುವಷ್ಟು. ವೀಳ್ಯದೆಲೆಯ ಬುಟ್ಟಿ, ರೇಷ್ಮೆಗೂಡಿನ ಮೂಟೆ, ಮೂಟೆಯ ಮೇಲೆ ಮನುಷ್ಯರು, ಮನುಷ್ಯರ ಮೇಲೆ ಮಕ್ಕಳು. ರೇಷ್ಮೆಗೂಡಿನ ವಾಸನೆಗೆ ಮೂಗು ಮುಚ್ಚಿಕೊಳ್ಳೋಣವೆಂದರೆ ಕೈ ಎತ್ತುವುದಕ್ಕೆ ಜಾಗವಿಲ್ಲ. ಅಂಥದರಲ್ಲಿ ನಮ್ಮತ್ತೆ ಕಿಟಕಿಯ ಪಕ್ಕ ಪದ್ಮಾಸನ ಹಾಕಿ ನಾರು ತೆಗೆಯುತ್ತ ಕೂರುವರು. ಅವರು ಗಡಿಯಾರ ನೋಡುತ್ತಿರಲಿಲ್ಲ. “ಇವತ್ತು ಗಾಡಿ ಎಷ್ಟು ತಡ ಅತ್ತೆ?” ಎಂದರೆ ಮೊರದ ಕಡೆ ನೋಡಿ, “ಒಂದೂಮುಕ್ಕಾಲು ಸೇರು,” ಎನ್ನುವರು. ಆ ಸಾಲಿನ ಊರುಗಳ ಹೆಂಗಸರು ವರ್ಷದ ಹುಣಸೆಹಣ್ಣನ್ನೆಲ್ಲ ರೈಲಿನಲ್ಲೇ ಹಸನು ಮಾಡಿದ್ದಾರೆಂದರೆ ನೀವು ನಂಬಬೇಕು.

ಎರಡನೆಯ ಭಾನುವಾರ ಅವರು ಬಂದರು. ಬಂದದ್ದು ನಾಲ್ಕೂಮುಕ್ಕಾಲಿಗೆ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ದಿನಕ್ಕೆ ಒಂದೂವರೆ ಗಂಟೆ ಶುಭಕಾರ್ಯ ಮಾಡಬಾರದ ಹೊತ್ತು. ಅಪ್ಪ ಆ ಹೊತ್ತಿನಲ್ಲಿ ಹೊಸ ಸಾಬೂನನ್ನು ಕೂಡ ಬಿಚ್ಚುತ್ತಿರಲಿಲ್ಲ. ಸೋಮವಾರವೋ ಶನಿವಾರವೋ ಆಗಿದ್ದರೆ ರಾಹುಕಾಲ ಬೆಳಿಗ್ಗೆಯೇ ಮುಗಿದುಹೋಗುತ್ತದೆ, ಗಾಡಿಗೂ ಅದಕ್ಕೂ ಜಗಳವಿಲ್ಲ. ಆದರೆ ಮೇಷ್ಟ್ರಿಗೂ ಅಪ್ಪನಿಗೂ ರಜಾ ಇರುವುದು ಭಾನುವಾರ ಮಾತ್ರ.

ಅಪ್ಪ ಗೇಟಿನಲ್ಲೇ ಕೈ ಮುಗಿದು ನಿಂತರು. “ತಪ್ಪು ತಿಳ್ಕೋಬಾರ್ದು. ಹೆಣ್ಣು ನೋಡೋ ವಿಷಯ. ಈ ಹೊತ್ತಲ್ಲಿ ಒಳಗೆ ಬನ್ನಿ ಅನ್ನೋ ಹಾಗಿಲ್ಲ. ಇಲ್ಲೇ ಕಲ್ಲಿನ ಮೇಲೆ ಕೂತ್ಕೊಳ್ಳಿ, ಕಾಫಿ ಕಳಿಸ್ತೀನಿ. ಕಾಫಿಗೆ ರಾಹುಕಾಲ ಇಲ್ಲ.”

ಕಲ್ಲೆಂದರೆ ಬಟ್ಟೆ ಒಗೆಯಲು ತರಿಸಿ ಇನ್ನೂ ಹಾಕಿಸದೆ ಗೇಟಿನ ಹೊರಗೆ ಬಿದ್ದಿದ್ದ ಚಪ್ಪಡಿ. ತಾಯಿ ಮಗ ಅದರ ಮೇಲೆ ಕೂತು ಕಾಫಿ ಕುಡಿದರು. ಕಿಟಕಿ ಮುಚ್ಚಿದ ಕೋಣೆಯಲ್ಲಿ, ರೇಷ್ಮೆ ಸೀರೆ ಉಟ್ಟು ನಾನು. ಮಗನ ದನಿ ಮಾತ್ರ ಕೇಳಿಸುತ್ತಿತ್ತು. “ಗಾಳಿ ಚೆನ್ನಾಗಿದೆ ಸಾರ್ ಇಲ್ಲಿ.” “ಕಾಫಿ ಬಹಳ ಚೆನ್ನಾಗಿದೆ ಸಾರ್.” ಆ ಕಾಫಿ ಮಾಡಿದ್ದು ನಾನು. ಐದೂಕಾಲಾದಾಗ ಸಂಜೆಯ ಗಾಡಿ ತಪ್ಪುತ್ತದೆಂದು ಎದ್ದು ಹೋದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಇರಲೇಬೇಕಿತ್ತು.

ಅಂದು ಅಪ್ಪ ಅಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು. “ಇನ್ನೊಂದೇ ಒಂದು ಸಲ ಕರೆಸಿ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಆ ವಾರದ ಬುಧವಾರ ಬಸವನಗುಡಿಯವರಿಗೆ ‘ಹೂಂ’ ಅಂದ್ಬಿಡೋದೇ. ಅವರೂ ಎಷ್ಟು ದಿನ ಕಾಯ್ತಾರೆ?”

ಅಪ್ಪ ಸೋಲುವ ಜಾತಿಯಲ್ಲ. ರಾಹು ಆಕಾಶದಲ್ಲಿದ್ದರೂ ಅವನ ಕಾಲ ಹೇಳಲು ಬರುವಾಗ, ಕಣ್ಣೆದುರಿನ ರೈಲಿನ ಕಾಲ ಏಕೆ ಹೇಳಲು ಬಾರದು ಎಂದು ಹಟ ತೊಟ್ಟರು. ಅವರನ್ನು ಕರೆಸುವ ಮೊದಲು ಮೂರು ಭಾನುವಾರ ಬುತ್ತಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಹೋಗಿ ಕೂತರು. ಒಂದು ಗಂಟೆಯ ಗಾಡಿ ಮೂರಕ್ಕೆ ಐದು ನಿಮಿಷವಿರುವಾಗ ಒಮ್ಮೆ, ಮೂರೂಕಾಲಿಗೆ ಎರಡು ಸಲ ಬಂತು. ಅಪ್ಪನಿಗೆ ಬಹಳ ಸಂತೋಷ. “ತಡ ಅಂದ್ರೂ ಒಂದು ನಿಯಮದ ಪ್ರಕಾರ ತಡ,” ಎಂದು ಗೋಡೆಯ ಪಂಚಾಂಗದಲ್ಲಿ ಮುಂದಿನ ಭಾನುವಾರದ ಕೆಳಗೆ, ‘ರಾ.ಕಾ. 4-30’ ಎಂದು ಅಚ್ಚಾಗಿದ್ದ ಜಾಗದ ಪಕ್ಕ, ಮಸಿಯಲ್ಲಿ ‘ಗಾ.ಕಾ. 3-15’ ಎಂದು ಬರೆದರು. ರಾಹುಕಾಲ, ಗುಳಿಕಕಾಲ, ಯಮಗಂಡಕಾಲದ ಸಾಲಿನಲ್ಲಿ ಗಾಡಿಕಾಲ. ತಾವೇ ಸ್ಟೇಷನ್ನಿಗೆ ಹೋಗಿ ಚುರುಕಾದ ಕುದುರೆಯ ಜಟಕಾ ಹಿಡಿದು ನಾಲ್ಕರೊಳಗೆ ಕರೆತರುವುದು, ಅರ್ಧ ಗಂಟೆಯಲ್ಲಿ ಶಾಸ್ತ್ರ ಮುಗಿಸುವುದು ಎಂದು ನಿಶ್ಚಯವಾಯಿತು.

ಆ ಭಾನುವಾರ ಅಪ್ಪ ಒಂದೂವರೆಗೇ ಹೊರಟರು. ಅಮ್ಮ ಹಿಂದಿನ ಬೀದಿಗೆ ಮಡಿಸುವ ಕುರ್ಚಿ ಕೇಳಲು ಹೋದರು. ನಾನು ಹಳೆಯ ಸೀರೆ ಎತ್ತಿ ಕಟ್ಟಿ, ಮುಂದಿನ ಅಂಗಳದ ಬಾವಿಕಟ್ಟೆಯ ಹತ್ತಿರ ಕೂತು ಹಿತ್ತಾಳೆಯ ತಟ್ಟೆಗಳನ್ನು ಬೂದಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ. ಗೇಟಿನ ಹತ್ತಿರ ಜಟಕಾ ನಿಂತಿತು. ಒಬ್ಬ ಗಂಡಸು, ಒಬ್ಬ ವಯಸ್ಸಾದ ಹೆಂಗಸು. ನಾನು ತಲೆಯೆತ್ತದೆ ಹೇಳಿದೆ:

“ಸೈಟು ನೋಡಕ್ಕಾದ್ರೆ ಪಕ್ಕದ್ದು.”

“ಸೈಟಲ್ಲ,” ಎಂದಿತು ಗಂಡು ದನಿ. “ಹುಡುಗಿ ನೋಡಕ್ಕೆ ಬಂದ್ವಿ.”

“ಅವರು ಬರೋದು ನಾಲ್ಕು ಗಂಟೆಗೆ,” ಎಂದೆ.

“ಯಾರು?”

“ಹುಡುಗಿ ನೋಡೋರು.”

“ಇವತ್ತು ಗಾಡಿ ಸರಿಯಾಗಿ ಒಂದು ಗಂಟೆಗೆ ಬಂದ್ಬಿಡ್ತು. ನಮಗೇ ಗಾಬರಿ ಆಯ್ತು. ಬೇಕಿದ್ರೆ ಆ ಬೀದಿ ಕೊನೇಲಿ ಕೂತಿದ್ದು ನಾಲ್ಕಕ್ಕೆ ಬರ್ತೀವಿ,” ಎಂದರು. ‘ಗಾಳಿ ಚೆನ್ನಾಗಿದೆ ಸಾರ್’ ಎಂದಿದ್ದ ದನಿ. ನಾನು ಎದ್ದು ನಿಂತೆ. ಕೈ ತುಂಬ ಬೂದಿ. ಗಾಬರಿಯಲ್ಲಿ ಕೆನ್ನೆಯ ಬೆವರನ್ನೂ ಅದೇ ಕೈಯಲ್ಲಿ ಒರೆಸಿಕೊಂಡಿದ್ದೆನಂತೆ. ಈ ‘ಅಂತೆ’ಯನ್ನು ಅವರು ಸಾಯುವವರೆಗೂ ಬಿಡಲಿಲ್ಲ. ಮೊಮ್ಮಕ್ಕಳಿಗೆ ಹೇಳುವಾಗ ಬೂದಿ ಎರಡೂ ಕೆನ್ನೆಗೆ ಹಬ್ಬಿತ್ತು.

ಅವರ ತಾಯಿ ನನ್ನನ್ನು ನೋಡಲಿಲ್ಲ. ತಟ್ಟೆ ನೋಡಿದರು. “ಹೊಸ ಹುಣಸೆಹಣ್ಣು ಹಾಕಿ ಉಜ್ತಿದೀಯಲ್ಲೇ! ಹಳೇದಿಲ್ವಾ ಮನೇಲಿ?”

ಅಷ್ಟರಲ್ಲಿ ಅಮ್ಮ ಕುರ್ಚಿ ಹೊತ್ತು ಓಡಿ ಬಂದು ಅವರನ್ನು ಒಳಗೆ ಕರೆದರು. ಅಪ್ಪನಿಲ್ಲದೆ ಶಾಸ್ತ್ರ ನಡೆಯುವಂತಿಲ್ಲ. ಮೂರಾಯಿತು, ಮೂರೂವರೆಯಾಯಿತು, ಅಪ್ಪ ಇಲ್ಲ. ನಾನು ಮುಖ ತೊಳೆದು, ಸೀರೆ ಬದಲಿಸಿ, ಬಾಗಿಲ ಹಿಂದೆ ನಿಂತೆ. ಅವರ ತಾಯಿ ಬಿಗಿದ ಮುಖದಲ್ಲಿ ಗೋಡೆಗಳನ್ನು ಪರೀಕ್ಷಿಸುತ್ತಿದ್ದವರು ಪಂಚಾಂಗದ ಮುಂದೆ ನಿಂತರು.

“ಏನಿದು ಗಾ.ಕಾ.? ಗುಳಿಕಕಾಲ ಅಂದ್ರೆ ಗು.ಕಾ. ಅದೂ ಭಾನುವಾರ ಮೂರಕ್ಕೇ ಶುರು, ಮೂರೂಕಾಲಿಗಲ್ಲ. ಪಂಚಾಂಗ ನೋಡಕ್ಕೆ ಬರದೇ ಇರೋರು ನಮ್ಮನ್ನ ಕಲ್ಲಿನ ಮೇಲೆ ಕೂರಿಸಿದ್ರಾ?”

ಅಮ್ಮ ನನ್ನ ಮುಖ ನೋಡಿದರು. ಸುಳ್ಳು ಹೇಳುವಷ್ಟು ಹೊತ್ತಿರಲಿಲ್ಲ. ನಾನು ಬಾಗಿಲ ಹಿಂದಿನಿಂದಲೇ, “ಗಾಡಿಕಾಲ ಅಂತ. ನಿಮ್ಮ ಗಾಡಿ ಬರೋ ಹೊತ್ತು. ಅಪ್ಪ ಮೂರು ಭಾನುವಾರ ಸ್ಟೇಷನ್ನಲ್ಲಿ ಕೂತು ಕಂಡುಹಿಡಿದಿದ್ದು,” ಎಂದೆ.

ಮೊದಲು ನಕ್ಕವರು ಮಗ. ತಾಯಿ ತಡೆದುಕೊಳ್ಳಲು ನೋಡಿದರು. ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. “ಅಯ್ಯೋ ಪುಣ್ಯಾತ್ಮ! ಮೂವತ್ತು ವರ್ಷದಿಂದ ಆ ಗಾಡಿ ಹತ್ತಿದೀನಿ, ನನಗೇ ಅದರ ಕಾಲ ಗೊತ್ತಾಗಿಲ್ಲ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಪುಣ್ಯಾತ್ಮ ಸ್ಟೇಷನ್ನಿನಲ್ಲಿದ್ದರು. ಗಾಡಿ ಬಂತೇ ಎಂದು ಗೇಟಿನವನನ್ನು ಕೇಳಿದರೆ ಅವನು ವಾಡಿಕೆಯಂತೆ, “ಇಷ್ಟು ಬೇಗ ಎಲ್ಲಿ ಬರತ್ತೆ ಸಾರ್?” ಎಂದನಂತೆ. ಅದು ತಮ್ಮ ಲೆಕ್ಕಕ್ಕೂ ಸರಿಹೊಂದಿದ್ದರಿಂದ ಅಪ್ಪ ಪೂರ್ತಿ ನಂಬಿ ಬೆಂಚಿನ ಮೇಲೆ ಕೂತರು. ನಿಜ ತಿಳಿದು, ಬಸ್ಸು ಸಿಗದೆ, ಅರ್ಧ ದಾರಿ ನಡೆದು ಅವರು ನಮ್ಮ ಮನೆಯ ಗೇಟು ಮುಟ್ಟಿದಾಗ ನಾಲ್ಕು ಮೂವತ್ತೈದು.

ಮೇಷ್ಟ್ರ ತಾಯಿ ಬಾಗಿಲಿಗೆ ಅಡ್ಡ ನಿಂತರು. ಕೈ ಮುಗಿದರು. “ತಪ್ಪು ತಿಳ್ಕೋಬಾರ್ದು. ರಾಹುಕಾಲ ಬಂದ್ಬಿಡ್ತು. ಅಲ್ಲೇ ಕಲ್ಲಿನ ಮೇಲೆ ಕೂತ್ಕೊಳ್ಳಿ, ಕಾಫಿ ಕಳಿಸ್ತೀವಿ.”

ನಿಯಮ ಅಪ್ಪನದೇ. ಹೋಗಿ ಕಲ್ಲಿನ ಮೇಲೆ ಕೂತರು. ನಾನು ಒಯ್ದ ಕಾಫಿಯನ್ನು ತೆಗೆದುಕೊಳ್ಳುವಾಗ ಅವರ ಮುಖದಲ್ಲಿ ಮೂರು ಭಾನುವಾರದ ದಣಿವಿತ್ತು.

ಐದೂಕಾಲಿಗೆ ಅವರ ತಾಯಿ ಎದ್ದು, “ಊರಿಗೆ ಹೋಗಿ ಕಾಗದ ಬರೀತೀವಿ,” ಎಂದರು. ಹೆಣ್ಣಿನ ಮನೆಯವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೇಡ ಎನ್ನುವವರೂ ಹೀಗೇ ಹೇಳುತ್ತಾರೆ, ಬೇಕು ಎನ್ನುವವರೂ ಹೀಗೇ ಹೇಳುತ್ತಾರೆ. ಬೇಡ ಎನ್ನುವವರು ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ. ಅಪ್ಪ ಹೊರಗಿನಿಂದಲೇ, “ಬುಧವಾರದೊಳಗೆ ತಿಳಿಸಿದ್ರೆ ಒಳ್ಳೇದು. ಇನ್ನೊಂದು ಕಡೆಯವರು ಕಾಯ್ತಿದಾರೆ,” ಎಂದರು.

“ಅಮ್ಮ,” ಎಂದರು ಮಗ. “ಕಾಗದಾನೂ ಅದೇ ಗಾಡೀಲೇ ಬರ್ಬೇಕು.”

“ಅದಕ್ಕೆ?”

“ಇಲ್ಲೇ ಹೇಳಿ ಹೋಗೋಣ.”

“ರಾಹುಕಾಲದಲ್ಲಿ ಶುಭದ ಮಾತಾಡ್ತಾರೇನೋ?”

“ಮುಗಿಯೋವರೆಗೂ ಕಾಯೋಣ.”

“ಆರೂವರೆ ಗಾಡಿ? ಬೆಳಿಗ್ಗೆ ಸರಿಯಾಗಿ ಬಂದಿದ್ದು ಸಂಜೆ ಸರಿಯಾಗಿ ಹೊರಟ್ಬಿಟ್ರೆ? ನಾಳೆ ಸ್ಕೂಲಿಗೆ ಹೋಗ್ದಿದ್ರೆ ಹೆಡ್‌ಮೇಷ್ಟ್ರು ಸುಮ್ನಿರ್ತಾರಾ?”

ಚಪ್ಪಲಿ ಮೆಟ್ಟಿದ್ದ ಮಗ ಅದನ್ನು ಬಿಟ್ಟು, ಒಳಗೆ ಬಂದು, ಅದೇ ಕುರ್ಚಿಯ ಮೇಲೆ ಕೂತರು. ಅವರ ತಾಯಿಯೂ ಕೂತು, ಗಂಟು ಬಿಚ್ಚಿ, ಮೊರ ಹೊರಗೆ ತೆಗೆದರು.

ಇನ್ನೂ ಮುಕ್ಕಾಲು ಗಂಟೆ ಕಾಯಬೇಕಿತ್ತು. ಅಮ್ಮನೂ ಹೋಗಿ ಮೊರದ ಇನ್ನೊಂದು ಬದಿಗೆ ಕೂತರು. ಅಪ್ಪ ಕಲ್ಲಿನ ಮೇಲೆ ಕೈಗಡಿಯಾರಕ್ಕೆ ಕೀಲಿ ಕೊಡುತ್ತ ಕೂತಿದ್ದರು. ಮೇಷ್ಟ್ರು ಗೋಡೆಯ ಗಡಿಯಾರ ನೋಡಿದಾಗ ನಾನು ಅವರನ್ನು ನೋಡುತ್ತಿದ್ದೆ. ಅವರು ಈ ಕಡೆ ತಿರುಗಿದರೆ ನಾನು ಗಡಿಯಾರ ನೋಡುತ್ತಿದ್ದೆ. ಹಾಗೆ ಆ ಗಡಿಯಾರವನ್ನು ಇಬ್ಬರಲ್ಲಿ ಒಬ್ಬರು ಬಿಡದೆ ಕಾದೆವು. ಆರು ಹೊಡೆಯಿತು. ಅಪ್ಪ ಬಲಗಾಲಿಟ್ಟು ಒಳಗೆ ಬಂದರು.

“ನಮಗೆ ಒಪ್ಪಿಗೆ,” ಎಂದರು ಮೇಷ್ಟ್ರು. “ಅವರನ್ನೂ ಒಂದು ಮಾತು ಕೇಳಿ ಸಾರ್.”

ನನ್ನನ್ನು ಕೇಳುವುದು ಯಾರಿಗೂ ತೋಚಿರಲಿಲ್ಲ. ಅಪ್ಪನಿಗೆ ಹೇಗೆ ಕೇಳಬೇಕೆಂದೂ ತಿಳಿಯಲಿಲ್ಲ. “ಏನಮ್ಮ?” ಎಂದರು. ನಾನು “ಹೂಂ” ಎಂದೆ.

“ಗಟ್ಟಿಯಾಗಿ ಹೇಳೇ ಹುಡುಗಿ, ಗಾಡಿಗೆ ಹೊತ್ತಾಯ್ತು!” ಎಂದರು ನಮ್ಮತ್ತೆ.

ಗಟ್ಟಿಯಾಗಿ ಹೇಳಿದೆ. ತಾಂಬೂಲ ಕೊಟ್ಟದ್ದು ಅರ್ಧ ಗೇಟಿನೊಳಗೆ, ಅರ್ಧ ಜಟಕಾದಲ್ಲಿ. ಜಟಕಾದವನು ಕುದುರೆಗೆ ಚಾವಟಿ ತೋರಿಸಿದ. ಜಟಕಾ ಹೊರಟ ಮೇಲೆ ಮೇಷ್ಟ್ರು ಹಿಂದಿನಿಂದ ತಲೆ ಹೊರಗೆ ಹಾಕಿ, ಅಪ್ಪನಿಗೆ ಹೇಳಿದ್ದೋ ನನಗೆ ಹೇಳಿದ್ದೋ ಗೊತ್ತಾಗದ ಹಾಗೆ, “ರೈಲು ತಪ್ಪಿದ್ರೆ ವಾಪಸ್ ಬರ್ತೀವಿ!” ಎಂದು ಕೂಗಿದರು.

ಆ ಸಂಜೆ ನಾನು ದೇವರ ಮುಂದೆ ದೀಪ ಹಚ್ಚಿ ಬಂದು ಗೇಟಿನಲ್ಲಿ ನಿಂತೆ. ಇವತ್ತೊಂದು ದಿನ ರೈಲು ಸರಿಯಾದ ಹೊತ್ತಿಗೆ ಹೊರಟು ಹೋಗಿರಲಿ ಎಂದು ಬೇಡಿಕೊಂಡೆ. ಅವರ ಕೆಲಸದ ಯೋಚನೆ, ಹೆಡ್‌ಮೇಷ್ಟ್ರ ಯೋಚನೆ ಒಂದೂ ನನಗಿರಲಿಲ್ಲ. ಸಾರಕ್ಕಿಯ ಕಡೆ ಕತ್ತಲಾಯಿತು. ಖಾಲಿ ಸೈಟುಗಳ ಕಲ್ಲುಗಳು ಒಂದೊಂದಾಗಿ ಕಾಣದಾದವು. ಬೀದಿಯ ಕೊನೆಯಲ್ಲಿ ಎರಡು ಸಲ ಸೈಕಲ್ಲಿನ ದೀಪ ಕಂಡು, ಜಟಕಾದ್ದೆಂದು ಗೇಟು ತೆಗೆದೆ.

ಅಮ್ಮ ಒಳಗಿಂದ ಕೂಗಿದರು. “ಗಾಡಿ ಸಿಕ್ಕಿರತ್ತೆ ಕಣೇ. ಇನ್ನು ಬರಲ್ಲ ಅವರು, ಒಳಗೆ ಬಾ.”

“ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಮ್ಮ,” ಎಂದೆ.